ಹಾಳಿಗೆ ಅಂಟಿಸಿದ ಕಸವೂ ಒಂದು ಉತಾರಾನೇ

ಈ ಸಲದ ಟಿಪ್ಪಣಿ ಗೊಬ್ಬರದ್ದೂ ಅಲ್ಲ, ನೀರಿಂದೂ ಅಲ್ಲ. ಸ್ವಲ್ಪ ಉದ್ದ ಐತಿ, ರಾತ್ರಿ ಕರೆಂಟ್ ಬರೋ ಮಟ ಕಾಯೋದಿದ್ರ ಓದ್ರಿ.

ಹೋದ ವಾರ ಕುಳೆ ಕಬ್ಬಿನ ಬದುವಿನ ಮ್ಯಾಲೆ ಕಸ ಕೀಳಾಕ ಹೋಗಿದ್ವಿ. ಕಾಂಗ್ರೆಸ್ ಕಸ ಮೊಣಕಾಲ ಮಟ ಬೆಳೆದು ಬೆಳ್ಳಗ ಹೂ ಬಿಟ್ಟಿತ್ತು. ನಮ್ಮ ಕಾಕಾ ಒಂದು ಗಿಡ ಕಿತ್ತು ಬೇರಿನ ಮಣ್ಣು ಝಾಡಿಸಿ, "ಅಮೇರಿಕಾದವ್ರು ಗೋದಿ ಕೊಟ್ಟು ಈ ಕಸಾನ ಬಡ್ಡಿ ಅಂತ ಕೊಟ್ರು ನೋಡು" ಅಂದ್ರು. ಈ ಮಾತು ನಾನು ಹುಟ್ಟಿದಾಗಿನಿಂದ ಕೇಳ್ತಾ ಬಂದೇನಿ. ನೀವೂ ಕೇಳಿರ್ತೀರಿ.

ಸೂಟಿಗೆ ಊರಿಗೆ ಬಂದಿದ್ದ ನನ್ನ ಮಗಳು ಬಾಜೂಕ ಇದ್ಲು. ಆಕಿ ಬಿ.ಎಸ್ಸಿ. ಓದ್ತಾಳ. "ಮುತ್ಯಾ, ಗೋದಿ ಬರೋಕಿಂತ ಮೊದಲ ಇದು ನಮ್ಮ ದೇಶದಾಗ ಇತ್ತು. 1880ರಾಗ ಕಿತ್ತು ಒಣಗಿಸಿದ ಗಿಡ ಡೆಹ್ರಾಡೂನ್‌ದಾಗ ಇಟ್ಟಾರ" ಅಂದ್ಲು.

ಕಾಕಾ ಕುಡಗೋಲು ಕೆಳಗ ಇಟ್ರು. "1880ರ ಕಸಾ ಇನ್ನೂ ಕಾಯ್ಕೊಂಡು ಕುಂತಾರ? ಅವ್ರಿಗೇನು ಬ್ಯಾರೆ ಉದ್ಯೋಗ ಇಲ್ಲೇನವಾ?"

ಎಲ್ಲಾರೂ ನಕ್ವಿ. ನಾನೂ ನಕ್ಕೆ. ಆದ್ರ ಮನಿಗೆ ಬಂದು ಕೈಕಾಲು ತೊಳಕೊಂಡು ಕುಂತಾಗ ಕಾಕಾನ ಪ್ರಶ್ನೆ ಮತ್ತ ನೆನಪಾತು. ಒಣಗಿದ ಕಸ ಕಾಯ್ಕೊಂಡು ಕೂರೋರು ಯಾಕ ಬೇಕು? ಈಗ ಅದರ ಫೋಟೋ ತೆಗೆದು ಕಂಪ್ಯೂಟರ್‌ಗೆ ಹಾಕಾಕ ಸರಕಾರ ರೊಕ್ಕ ಖರ್ಚು ಮಾಡಾಕತ್ತೈತಿ. ಅದು ಬೇಕೋ ಬ್ಯಾಡೋ? ಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕ ಬೇಕು ಅಂತ ಹೇಳ್ತೀನಿ. ಅದರಾಗ ನಮ್ಮ ಪಾಲು ಇಲ್ಲದ್ದಕ್ಕ ನನಗೆ ಸಿಟ್ಟೂ ಐತಿ, ಅದನ್ನೂ ಹೇಳ್ತೀನಿ.

ಒಂದು ಕಸದ ಲೆಕ್ಕ

ಮೊದಲು ಕಾಂಗ್ರೆಸ್ ಕಸದ್ದೇ ತಗೊಳ್ಳೋಣ. ಪಾರ್ಥೇನಿಯಂ ಇದರ ಶಾಸ್ತ್ರದ ಹೆಸರು. ಕಾಗವಾಡ ಕಡೆ ಮರಾಠಿ ಮಂದಿ ಗಾಜರ ಗವತ ಅಂತಾರ, ಎಲಿ ಗಜ್ಜರಿ ಎಲಿಯಂಗ ಇರ್ತದ ಅಂತ. ಪುಣೆಯಲ್ಲಿ 1955ರಲ್ಲಿ ಇದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಮರುವರ್ಷ, ಭಾರತಕ್ಕೆ ಇದು ಹೊಸ ಗಿಡ ಅಂತ ಬರೆದರು. ಪಿ.ಎಲ್. 480 ಅನ್ನೋ ಅಮೇರಿಕಾದ ಗೋದಿ ಒಪ್ಪಂದಕ್ಕೆ ಭಾರತ ಸಹಿ ಮಾಡಿದ್ದು 1956ರ ಆಗಸ್ಟ್ ತಿಂಗಳಲ್ಲಿ. ಅಂದ್ರ ಕಸ ಕಣ್ಣಿಗೆ ಬಿದ್ದದ್ದು ಮೊದಲು, ಒಪ್ಪಂದ ಆಮೇಲೆ. ಆದರೆ ಇಷ್ಟಕ್ಕೇ ಗೋದಿ ಬಿಡುಗಡೆ ಆಗೋದಿಲ್ಲ. 1951ರಲ್ಲೂ ಬರಗಾಲದ ಸಾಲವಾಗಿ ಅಮೇರಿಕಾದಿಂದ ಧಾನ್ಯ ಬಂದಿತ್ತು.

ಇಲ್ಲಿ ಒಣಗಿಸಿಟ್ಟ ಹಾಳಿ ಬಾಯಿ ಬಿಡ್ತದ. 1970ರ ದಶಕದಲ್ಲಿ ಕೆಲವು ವಿಜ್ಞಾನಿಗಳು ಹಳೆ ಸಂಗ್ರಹ ಹುಡುಕಿದಾಗ, ಬ್ರಾಂಡಿಸ್ ಅನ್ನೋ ಅರಣ್ಯಾಧಿಕಾರಿ 1880ರಲ್ಲಿ ಕಿತ್ತಿಟ್ಟ ಪಾರ್ಥೇನಿಯಂ ಗಿಡ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸಿಕ್ಕಿತು. ಅದಕ್ಕೂ ಹಿಂದೆ, 1814ರಲ್ಲಿ ರಾಕ್ಸ್‌ಬರ್ಗ್ ಅನ್ನೋ ಸಸ್ಯಶಾಸ್ತ್ರಜ್ಞನ ಕಲ್ಕತ್ತಾ ತೋಟದ ಪಟ್ಟಿಯೊಳಗೂ ಇದರ ಹೆಸರಿತ್ತು. ಅಂದರೆ ಗೋದಿ ಹಡಗು ಬರೋದಕ್ಕೆ ನೂರು ವರ್ಷಕ್ಕೂ ಹಿಂದೆ ಈ ಗಿಡ ನಮ್ಮ ದೇಶದ ಮಣ್ಣು ಕಂಡಿತ್ತು.

ಹಂಗಾದ್ರ ಕಾಕಾ ಹೇಳಿದ್ದು ಪೂರ್ತಿ ಸುಳ್ಳಾ? ಅದೂ ಅಲ್ಲ. ಹಳೇ ಗಿಡ ಯಾವುದೋ ತೋಟದಾಗ ಸುಮ್ಮನ ಇದ್ದು, 1950ರ ಆಸುಪಾಸು ಹೊಸಾ ಬೀಜ ಬಂದು ಪುಣೆಯಿಂದ ಹಬ್ಬಿರಲೂಬಹುದು. 1880ರ ಹಾಳಿ "ಆಗ ಈ ಗಿಡ ಇತ್ತು" ಅಂತ ಮಾತ್ರ ಹೇಳ್ತದ. "ಇವತ್ತಿನದೆಲ್ಲಾ ಅದರ ಮರಿಮಕ್ಕಳು" ಅಂತ ಹೇಳೋದಿಲ್ಲ. ಆದ್ರ ಆ ಒಂದು ಹಾಳಿ ಇರದಿದ್ದರ ನಾವು ಇನ್ನೂ ನೂರು ವರ್ಷ ಕಟ್ಟಿ ಮ್ಯಾಲೆ ಕುಂತು ಬಾಯಿಮಾತನ್ನೇ ಇತಿಹಾಸ ಅಂತಿದ್ವಿ.

ಕಸ ಎಲ್ಲಿಂದ ಬಂತು ಅಂತ ತಿಳಿಯೋದು ಬರೇ ಹರಟೆ ಅಲ್ರಿ. ಇದರ ತವರು ಮೆಕ್ಸಿಕೋ ಕಡೆ ಅಂತ ಗೊತ್ತಿದ್ದದ್ದಕ್ಕ, ಅಲ್ಲಿ ಇದನ್ನ ತಿನ್ನೋ ಹುಳ ಯಾವುದು ಅಂತ ಹುಡುಕಿ, 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, ಮರುವರ್ಷ ಬಯಲಿಗೆ ಬಿಟ್ಟರು. ಮಳಿಗಾಲದಾಗ ಕಾಂಗ್ರೆಸ್ ಕಸದ ಎಲಿ ಮ್ಯಾಲೆ ಹಳದಿ ಮೈಮೇಲೆ ಕಂದು ಗೆರಿ ಇರೋ ಸಣ್ಣ ದುಂಡು ಹುಳ ಕಂಡಿರಬೇಕಲ್ಲ, ಅದೇ. ಅದಕ್ಕ ಎಣ್ಣಿ ಹೊಡಿಬ್ಯಾಡ್ರಿ.

ಒಣಗಿಸೋದು ಹೆಂಗ

ಹರ್ಬೇರಿಯಂ ಅಂದ್ರ ಒಣಗಿಸಿದ ಗಿಡಗಳ ದಫ್ತರ. ನನ್ನ ಮಗಳು ಕಾಲೇಜಿಗೆ ಮಾಡಿದ್ದನ್ನ ಕಣ್ಣಾರೆ ನೋಡೇನಿ. ಗಿಡಾನ ಹೂ, ಕಾಯಿ, ಬೇರು ಸಮೇತ ಕಿತ್ತು, ಹಳೇ ಪೇಪರ್‌ನ ನಡಬರಕ ಇಟ್ಟು, ಮ್ಯಾಲೆ ಭಾರ ಹೇರಬೇಕು. ನಮ್ಮ ಮನ್ಯಾಗ ಜ್ವಾಳದ ಚೀಲ ಹೇರಿದ್ಲು. ದಿನಾ ಪೇಪರ್ ಬದಲಿ ಮಾಡದಿದ್ರ ಬೂಷ್ಟು ಬರ್ತದ. ಹದಿನೈದು ದಿನಕ್ಕ ಹಪ್ಪಳದಂಗ ಆಗ್ತದ. ಆಮೇಲೆ ದಪ್ಪ ಹಾಳಿಗೆ ಅಂಟಿಸಿ, ಬಲಗಡೆ ಕೆಳಗಿನ ಮೂಲ್ಯಾಗ ಒಂದು ಚೀಟಿ ಹಚ್ಚಬೇಕು. ಗಿಡದ ಹೆಸರು, ಎಲ್ಲಿ ಸಿಕ್ಕಿತು, ಯಾವ ತಾರೀಖು, ಯಾರು ಕಿತ್ತರು, ಎಷ್ಟನೇ ನಂಬರು.

ಅಣಬೆ, ಬೂಷ್ಟು, ತುಕ್ಕು ರೋಗದ ಎಲೆ ಇಂಥವನ್ನ ಒಣಗಿಸಿ ಕಾಗದದ ಪಾಕೀಟಿನೊಳಗ ಇಡ್ತಾರ. ರೋಗ ಬಂದ ಎಲಿ ಮ್ಯಾಲೆ ಆ ರೋಗದ ಬೀಜ ಕುಂತಿರ್ತದ. ನೂರು ವರ್ಷ ಆದರೂ ಸೂಕ್ಷ್ಮದರ್ಶಕದ ಕೆಳಗ ಇಟ್ಟರ ಕಾಣ್ತದ.

ಆ ಚೀಟಿ ಭಾಳ ಮುಖ್ಯ. ಚೀಟಿ ಇಲ್ಲದ ಗಿಡ ಬರೇ ಒಣ ಮೇವು. ಸರ್ವೆ ನಂಬರ್ ಇಲ್ಲದ ಹೊಲ ಇದ್ದಂಗ.

ಈಗ ಡಿಜಿಟಲ್ ಅಂತಾರಲ್ಲ, ಅದು ಇಷ್ಟ. ಪ್ರತಿ ಹಾಳಿಗೂ ಅಂಗಡಿ ಸಾಮಾನಿಗೆ ಇರೋವಂಥ ಬಾರ್‌ಕೋಡ್ ಹಚ್ಚೋದು, ಬಣ್ಣದ ಪಟ್ಟಿ, ಅಳತಿ ಪಟ್ಟಿ ಇಟ್ಟು ದೊಡ್ಡ ಫೋಟೋ ತೆಗೆಯೋದು, ಚೀಟಿಯೊಳಗಿನ ಅಕ್ಷರ ಓದಿ ಟೈಪ್ ಮಾಡೋದು, ಊರು ನಕಾಶೆಯೊಳಗ ಎಲ್ಲಿ ಬರ್ತದ ಅಂತ ಗುರುತು ಹಾಕೋದು. ಫೋಟೋ ತೆಗೆಯೋದು ಸರಳ. ನೂರೈವತ್ತು ವರ್ಷದ ಹಿಂದಿನ ದೊರೆಯ ಕಾಲುಕೋಳಿ ಅಕ್ಷರ ಓದೋದು ಕಷ್ಟ.

ಯಾರ್ಯಾರು ಮಾಡ್ಯಾರ

ಲಂಡನ್ನಿನ ಕ್ಯೂ ಅನ್ನೋ ತೋಟದಾಗ 70 ಲಕ್ಷಕ್ಕೂ ಹೆಚ್ಚು ಒಣಗಿಡ, 12 ಲಕ್ಷಕ್ಕೂ ಹೆಚ್ಚು ಶಿಲೀಂಧ್ರದ ಮಾದರಿ ಅದಾವ. ಅವನ್ನೆಲ್ಲಾ ಫೋಟೋ ತೆಗೆದು ಯಾರು ಬೇಕಾದರೂ ನೋಡೋಹಂಗ ಮಾಡೋ ದೊಡ್ಡ ಕೆಲಸಕ್ಕ ಇತ್ತೀಚಿನ ವರ್ಷಗಳಲ್ಲಿ ಕೈ ಹಾಕಿದರು. ನಮ್ಮ ದೇಶದ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ಕಡೆ ಸುಮಾರು 30 ಲಕ್ಷ ಮಾದರಿ ಅದಾವ. 2022ರ ಜುಲೈ 1ರಂದು ಕೋಲ್ಕತ್ತಾದಲ್ಲಿ "ಇಂಡಿಯನ್ ವರ್ಚುವಲ್ ಹರ್ಬೇರಿಯಂ" ಉದ್ಘಾಟನೆ ಮಾಡಿದರು. ಶುರುವಾದಾಗ ಅದರಲ್ಲಿ ಸುಮಾರು ಒಂದು ಲಕ್ಷ ಹಾಳಿಗಳ ಚಿತ್ರ ಇದ್ದವು.

ನಮ್ಮ ರಾಜ್ಯದ್ದು ಕೇಳ್ರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಣಗಿಡದ ಸಂಗ್ರಹಕ್ಕ ಜೆಸಿಬಿ ಅಂತ ಹೆಸರು! ನಾನೂ ಮೊದಲು ಮಣ್ಣು ಅಗೆಯೋ ಮಶೀನು ಅಂತ ತಿಳಿದಿದ್ದೆ. ಜೋಸೆಫ್ಸ್ ಕಾಲೇಜ್ ಬೆಂಗಳೂರು ಅನ್ನೋದರ ಸಣ್ಣ ರೂಪ ಅದು. ಆ ಕಾಲೇಜಿನ ಪಾದ್ರಿ ಸಿಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಗುಡ್ಡ, ಹೊಲ, ಕೆರೆ ಅಂಚು ತಿರುಗಿ ಗಿಡ ಕೂಡಿಹಾಕಿದರು. 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಪುಸ್ತಕ ಬಂತು. ಅವರು ಕೂಡಿಸಿದ ಹಾಳಿಗಳು ಆಮೇಲೆ ವಿಜ್ಞಾನ ಸಂಸ್ಥೆಗೆ ಹೋದವು. ಅವುಗಳ ಆಧಾರದ ಮೇಲೆ ಕರ್ನಾಟಕದ ಸಸ್ಯಗಳ ಡಿಜಿಟಲ್ ಪಟ್ಟಿ ಈಗ ಮೊಬೈಲ್‌ದಾಗ ಸಿಗ್ತದ. ನಮ್ಮ ಬಾಜೂಕಿನ ಕೊಲ್ಲಾಪುರದಾಗ ಶಿವಾಜಿ ವಿದ್ಯಾಪೀಠದ ಸಸ್ಯಶಾಸ್ತ್ರದವರು ತಮ್ಮ ಜಿಲ್ಲೆಯನ್ನ ಹಂಗೇ ತಿರುಗಿ 2002ರಲ್ಲಿ ಪುಸ್ತಕ ತಂದರು. ನಿಪ್ಪಾಣಿ, ಚಿಕ್ಕೋಡಿ ಮಂದಿಗೆ ಅದು ಗಡಿ ದಾಟಿದರ ಸಿಗೋ ಊರು.

ನಮ್ಮ ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕ ಸೇರಿತ್ತು. ಬ್ರಿಟಿಷರ ಕಾಲದಾಗ ಬೆಳಗಾವಿಯೊಳಗ ರಿಚಿ ಅನ್ನೋ ಡಾಕ್ಟರ್ ಇದ್ದ. ಸುತ್ತಮುತ್ತಲಿನ ಗಿಡ ಕಿತ್ತು ಒಣಗಿಸಿದ. ಥಿಯೋಡೋರ್ ಕುಕ್ ಅನ್ನೋರು 1901ರಿಂದ 1908ರ ತನಕ ಮುಂಬಯಿ ಪ್ರಾಂತದ ಸಸ್ಯಗಳ ಪುಸ್ತಕ ತಂದಾಗ, ಬೆಳಗಾವಿ ಅನ್ನೋ ಹೆಸರಿನ ಮುಂದೆ ರಿಚಿ ಹೆಸರು ಮತ್ತ ಮತ್ತ ಬರ್ತದ. ಆ ಕಾಲದ ಹಾಳಿಗಳು ಸಮುದ್ರ ದಾಟಿ ಹೋದವು. ನಮ್ಮ ಜಿಲ್ಲೆದು ಹುಲ್ಲು ನೋಡಾಕ ನಾವು ವಿಲಾಯತಿಗೆ ಹೋಗಬೇಕಿತ್ತು. ಈಗ ಫೋಟೋ ಆದದ್ದಕ್ಕ ಪಡಸಾಲ್ಯಾಗ ಕುಂತು ನೋಡಬಹುದು. ನನಗೆ ಇದು ದಾನ ಅನಿಸೋದಿಲ್ಲ. ನಮ್ಮದು ನಮಗ ವಾಪಸ್ ಬಂದಂಗ.

ಇದರಿಂದ ನಮಗೇನು

"ಚಲೋ ಐತಿ, ಆದ್ರ ಟನ್ನಿಗೆ ನಾಕು ರೂಪಾಯಿ ಹೆಚ್ಚಿಗಿ ಸಿಗ್ತದೇನು?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಮೂರು ಉದಾಹರಣೆ ಕೊಡ್ತೀನಿ.

ಒಂದು, ನನ್ನ ಹೊಲದ್ದೇ. 2019ರ ಆಗಸ್ಟ್‌ನಾಗ ಕೃಷ್ಣಾ ಹೊಳಿ ಬಂದದ್ದು ಯಾರೂ ಮರ್ತಿಲ್ಲ. ನೀರು ಇಳಿದ ಮ್ಯಾಲೆ ಹೊಳಿದಂಡಿ ಹೊಲದಾಗ ಮೊಣಕೈ ಮಟ ಹೂಳು ಕುಂತಿತ್ತು. ಮರುವರ್ಷ ಕಬ್ಬಿಗೆ ಒಂದು ಬಳ್ಳಿ ಸುತ್ತಿಕೊಳ್ಳಾಕ ಶುರುವಾತು. ತಿಳಿ ಗುಲಾಬಿ ಹೂ, ಗಂಟಿಯಂಗ. ಕಬ್ಬು ಜಗ್ಗಿ ಮಲಗಿಸಿಬಿಡ್ತದ, ಕಟಾವು ಮಾಡೋ ಗ್ಯಾಂಗಿನವರು ಒಳಗ ಬರಾಕ ಒಲ್ಲೆ ಅಂತಾರ. ಒಬ್ಬರು "ಇದು ಹೊಳಿ ತಂದದ್ದು" ಅಂದ್ರು. ಇನ್ನೊಬ್ಬರು "2005ರ ಹೊಳಿಗೂ ಬಂದಿತ್ತು, ನೀ ನೋಡಿಲ್ಲ" ಅಂದ್ರು. ಮೂರನೇಯವರು "ನೀ ಹೊರಗಿನಿಂದ ಬೀಜದ ಕಬ್ಬು ತಂದ್ಯಲ್ಲ, ಅದರ ಸಂಗಾಟ ಬಂದದ್ದು" ಅಂದ್ರು.

ಇದರಾಗ ಯಾವುದು ಖರೆ ಅನ್ನೋದರ ಮ್ಯಾಲೆ ನನ್ನ ರೊಕ್ಕ ನಿಂತೈತಿ. ಬೀಜದ ಕಬ್ಬಿನ ಜೋಡಿ ಬಂದಿದ್ರ ಬೀಜ ತರೋ ಜಾಗಾ ಬದಲಿ ಮಾಡಬೇಕು. ಹೊಳಿ ತಂದಿದ್ರ ದಂಡಿ ಮ್ಯಾಲಿನವರೆಲ್ಲಾ ಕೂಡಿ ಹೂ ಬಿಡೋಕಿಂತ ಮೊದಲ ಕೀಳಬೇಕು, ಒಬ್ಬನ ಕೈಲಿ ಆಗೋದಲ್ಲ. ಮೊದಲಿನಿಂದ ಇದ್ದದ್ದೇ ಆಗಿದ್ರ ನಾ ರವದಿ ಮುಚ್ಚೋದೋ, ನೀರು ಬಿಡೋದೋ ಏನೋ ಬದಲಿ ಮಾಡಿದ್ದಕ್ಕ ಹೆಚ್ಚಾಗೈತಿ. ಮೂರಕ್ಕೂ ಮೂರು ಬ್ಯಾರೆ ಔಷಧ. ಅಥಣಿ ತಾಲೂಕಿನ ಹೊಳಿದಂಡಿಯಾಗ ಇಪ್ಪತ್ತು ವರ್ಷದ ಹಿಂದ ಯಾರಾದ್ರೂ ನಾಕು ಗಿಡ ಕಿತ್ತು ಚೀಟಿ ಹಚ್ಚಿ ಇಟ್ಟಿದ್ರ, ಇವತ್ತ ಐದು ನಿಮಿಷದಾಗ ಗೊತ್ತಾಗ್ತಿತ್ತು. ನಾ ಮೊಬೈಲ್‌ದಾಗ ಹುಡುಕಿದೆ. ಅಂಬೋಲಿದು ಸಿಗ್ತದ, ಕ್ಯಾಸಲ್‌ರಾಕ್‌ದು ಸಿಗ್ತದ, ಖಾನಾಪುರದ್ದು ಸಿಗ್ತದ. ನಮ್ಮ ಬಯಲಸೀಮಿದು ಹುಡುಕಿ ಹುಡುಕಿ ಸುಸ್ತಾತು. ಗಿಡ ಹುಡುಕೋರಿಗೆ ಮೊದಲಿನಿಂದಲೂ ಘಟ್ಟದ ಕಾಡೇ ಬೇಕು. ಕಬ್ಬಿನ ಬದುವಿನ ಮ್ಯಾಲಿನ ಕಸಕ್ಕ ಯಾರು ಬರ್ತಾರ?

ಎರಡನೇದು ರೋಗದ್ದು. ಐರ್ಲೆಂಡ್ ಅನ್ನೋ ದೇಶದಾಗ 1845ರಿಂದ ಬಟಾಟಿಗೆ ಅಂಗಮಾರಿ ರೋಗ ಬಿತ್ತು. ಬಟಾಟಿ ಬಿಟ್ಟರ ಬಡವರಿಗೆ ಬ್ಯಾರೆ ಊಟ ಇರಲಿಲ್ಲ. ಸುಮಾರು ಹತ್ತು ಲಕ್ಷ ಮಂದಿ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಆ ಶತಮಾನದಾಗ ರೋಗ ಬಿದ್ದ ಬಟಾಟಿ ಎಲಿ ಕೆಲವರು ಒಣಗಿಸಿ ಇಟ್ಟಿದ್ರು. ಅದರಿಂದ 2013ರಲ್ಲಿ ವಿಜ್ಞಾನಿಗಳು ಚೂರು ತೆಗೆದು ಡಿಎನ್ಎ ಓದಿದರು. ಅಲ್ಲಿತನಕ ಆ ಬರಕ್ಕ ಯಾವ ತಳಿ ಕಾರಣ ಅಂತ ಹೇಳ್ತಿದ್ರೋ ಅದು ಅಲ್ಲ, ಅದರ ಹತ್ತಿರದ ಸಂಬಂಧಿ ಇನ್ನೊಂದು ತಳಿ ಅಂತ ಗೊತ್ತಾತು. ನೂರಾ ಅರವತ್ತು ವರ್ಷದ ಮ್ಯಾಲೆ ಕಳ್ಳ ಸಿಕ್ಕ.

ಇದು ನಮಗ್ಯಾಕ ಅಂದ್ರ, ಕಬ್ಬಿನ ಕೆಂಪು ಕೊಳೆ ರೋಗ ನೋಡ್ರಿ. ಸೀಳಿದ್ರ ಒಳಗ ಕೆಂಪು, ನಡುನಡುವೆ ಅಡ್ಡ ಬಿಳಿ ಪಟ್ಟಿ, ಹುಳಿ ಹೆಂಡದ ವಾಸನಿ. ಉತ್ತರ ಪ್ರದೇಶದ ರೈತರು ಕೋ 0238 ಅನ್ನೋ ಒಂದೇ ತಳಿ ನಂಬಿ ಊರಿಗೆ ಊರೇ ಹಚ್ಚಿದರು. ಇಳುವರಿನೂ ಇತ್ತು, ಸಕ್ಕರಿನೂ ಇತ್ತು. ಆಮೇಲೆ ಆ ಶಿಲೀಂಧ್ರ ತನ್ನ ಗುಣ ಬದಲಿಸಿಕೊಂಡು ಅದೇ ತಳಿಗೆ ಬಿತ್ತು. ಈಗ ಅದನ್ನ ಬಿಡ್ರಿ ಅಂತ ಅಲ್ಲಿ ಹೇಳಾಕತ್ಯಾರ. ನಮ್ಮ ಕಡೆ ಆ ರೋಗ ಅಷ್ಟು ಕಾಡಿಲ್ಲ, ದೇವರ ದಯೆ. ಆದ್ರ ನಾವೂ 86032, 265 ಅಂತ ಎರಡು ನಂಬರ್ ಬಿಟ್ಟು ಬ್ಯಾರೆ ಯೋಚನಿ ಮಾಡೋದಿಲ್ಲ. ಕಾಡಿಗಿ ರೋಗ ಬಂದಾಗ ಕರೇ ಚಾಟಿಯಂಥಾ ಸುಳಿ ಮುರಿದು ಒಲಿಗೆ ಹಾಕ್ತೀವಿ. ಅದು ಸರಿನೇ, ಹೊಲದಾಗ ಬಿಡಬಾರದು. ಆದ್ರ ವರ್ಷಕ್ಕ ಒಂದು ಸುಳಿ ಪಾಕೀಟಿಗೆ ಹಾಕಿ, ತಾರೀಖು, ತಳಿ ಬರದು ತಿಳಿದವರ ಕೈಗೆ ಕೊಟ್ಟಿದ್ರ, ರೋಗ ವರ್ಷದಿಂದ ವರ್ಷಕ್ಕ ಹೆಂಗ ಬದಲಾತು ಅನ್ನೋದಕ್ಕ ಸಾಕ್ಷಿ ಇರ್ತಿತ್ತು. ಬಟ್ಲರ್ ಅನ್ನೋ ವಿಜ್ಞಾನಿ ಬಿಹಾರದ ಪೂಸಾದಲ್ಲಿ 1905ರಲ್ಲಿ ಇಂಥದೇ ರೋಗದ ಎಲೆಗಳ ಸಂಗ್ರಹ ಶುರು ಮಾಡಿದ. ಅದು ಈಗ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಐತಿ. ಪುಣೆಯ ಆಘರ್ಕರ್ ಸಂಸ್ಥೆಯಲ್ಲಿ ಶಿಲೀಂಧ್ರಗಳಿಗೇ ಅಂತ ಅಜ್ರೇಕರ್ ಹೆಸರಿನ ಸಂಗ್ರಹ ಐತಿ. ಪುಣೆ ನಮಗ ಬೆಂಗಳೂರಿಗಿಂತ ಹತ್ರ.

ಮೂರನೇದು ಅರಿಶಿಣ. ರಾಯಬಾಗ, ಅಥಣಿ ಕಡೆ ಅರಿಶಿಣ ಬೆಳೆದು ಸಾಂಗಲಿಗೆ ಒಯ್ಯೋರು ಇದನ್ನ ನೆನಪಿಡ್ರಿ. ಗಾಯಕ್ಕ ಅರಿಶಿಣ ಹಚ್ಚೋದು ತಮ್ಮ ಹೊಸ ಶೋಧ ಅಂತ ಅಮೇರಿಕಾದಾಗ 1995ರಲ್ಲಿ ಪೇಟೆಂಟ್ ಕೊಟ್ಟರು. ನಮ್ಮ ಅಜ್ಜಿ ಹಚ್ತಿದ್ಲು ಅಂದ್ರ ಅಲ್ಲಿ ನಡೆಯಲಿಲ್ಲ. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆಯವರು ಹಳೇ ಗ್ರಂಥ, ಹಳೇ ಲೇಖನ ಹುಡುಕಿ ಬರವಣಿಗೆಯ ಸಾಕ್ಷಿ ಕೊಟ್ಟ ಮೇಲೆ 1997ರಲ್ಲಿ ರದ್ದಾತು. ಕಾಗದ ಇದ್ದವನ ಮಾತು ನಡೀತದ. ಹೊಲದ ವ್ಯಾಜ್ಯದಾಗೂ ಅಷ್ಟ, ಗಿಡದ ವ್ಯಾಜ್ಯದಾಗೂ ಅಷ್ಟ.

ಉತಾರದ ಪಾಠ

ಡಿಜಿಟಲ್ ಅಂದ ಕೂಡಲೇ ಕೈ ಮುಗಿಯೋ ಮನುಷ್ಯ ನಾನಲ್ಲ. ನಮ್ಮ ಉತಾರ ಕೈಬರಹದಿಂದ ಕಂಪ್ಯೂಟರಿಗೆ ಹೋದಾಗ ನಮ್ಮ ಅಪ್ಪನ ಹೆಸರಿನಾಗ ಒಂದು ಅಕ್ಷರ ತಪ್ಪಿತು. ಒಂದು ಅಕ್ಷರ! ಅದನ್ನ ತಿದ್ದಿಸಾಕ ಎರಡು ವರ್ಷ ಅಡ್ಡಾಡಿದೆ. ಮೊದಲು ಪುಸ್ತಕದಾಗ ತಪ್ಪಿದ್ರ ಒಂದು ಪುಸ್ತಕದಾಗ ತಪ್ಪಿರ್ತಿತ್ತು. ಕಂಪ್ಯೂಟರ್‌ದಾಗ ತಪ್ಪಿದ್ರ ಬ್ಯಾಂಕಿನಾಗೂ ತಪ್ಪು, ಬೆಳೆ ವಿಮಾದಾಗೂ ತಪ್ಪು, ಎಲ್ಲಾ ಕಡೆ ತಪ್ಪು.

ಆದ್ರ ಅದೇ ಉತಾರದ್ದು ಇನ್ನೊಂದು ಮುಖ ಕೇಳ್ರಿ. 2019ರಾಗ ಮನಿಯೊಳಗ ನೀರು ಬಂದಾಗ ಟ್ರಂಕಿನ ಕಾಗದಪತ್ರ ಎಲ್ಲಾ ತೊಯ್ದು ಹಿಟ್ಟಾದ್ವು. ಉತಾರ ಒಂದೇ ದಿನದಾಗ ಮತ್ತ ತೆಗೆಸಿಕೊಂಡೆ, ಯಾಕಂದ್ರ ಅದು ಬ್ಯಾರೆ ಕಡೆ ಇತ್ತು. ಅಜ್ಜನ ಕಾಲದ ಕೈಬರಹದ ಲೆಕ್ಕದ ಬುಕ್ಕು ಹೋತು. ಯಾವ ವರ್ಷ ಯಾವ ಬೀಜ ಎಷ್ಟು ಸಾಲು ಬಿತ್ತಿದ್ದ ಅಂತ ಅದರಾಗ ಇತ್ತು. ಅದರ ನಕಲು ಎಲ್ಲೂ ಇರಲಿಲ್ಲ. ಅದರ ನೋವು ಇನ್ನೂ ಐತಿ.

ಒಣಗಿಡದ ಕಥಿನೂ ಹಿಂಗ. ಎರಡನೇ ಮಹಾಯುದ್ಧದಾಗ, 1943ರ ಮಾರ್ಚ್‌ನಾಗ, ಬರ್ಲಿನ್ನಿನ ದೊಡ್ಡ ಸಂಗ್ರಹದ ಮ್ಯಾಲೆ ಬಾಂಬ್ ಬಿದ್ದು ಬಹುಪಾಲು ಸುಟ್ಟು ಬೂದಿ ಆತು. ಅದಕ್ಕ ಹದಿನಾಲ್ಕು ವರ್ಷದ ಮೊದಲು ಮ್ಯಾಕ್‌ಬ್ರೈಡ್ ಅನ್ನೋ ಅಮೇರಿಕಾದ ಸಸ್ಯಶಾಸ್ತ್ರಜ್ಞ ಅಲ್ಲಿಗೆ ಹೋಗಿ ಮುಖ್ಯ ಹಾಳಿಗಳ ಫೋಟೋ ತೆಗೆಯಾಕ ಶುರು ಮಾಡಿದ್ದ. ಕಪ್ಪು ಬಿಳುಪು ಫೋಟೋ. ಎಷ್ಟೋ ಗಿಡಗಳಿಗೆ ಇವತ್ತು ಆ ಫೋಟೋನೇ ಉಳಿದ ಗುರುತು.

ಹಂಗಂತ ಫೋಟೋ ಆತು, ಇನ್ನ ಹಾಳಿ ಯಾಕ ಅಂತ ತೂಕಕ್ಕ ಹಾಕಬಾರದು. ಬಟಾಟಿ ಎಲಿಯ ಡಿಎನ್ಎ ಫೋಟೋದಿಂದ ಬಂದದ್ದಲ್ಲ, ಎಲಿಯಿಂದ ಬಂದದ್ದು. ಫೋಟೋ ಅನ್ನೋದು ಉತಾರ, ಹಾಳಿ ಅನ್ನೋದು ಹೊಲ. ಉತಾರ ಕೈಯಾಗ ಐತಿ ಅಂತ ಹೊಲ ಮಾರಿಕೊಂಡವ ಏನು ಉಣ್ತಾನ?

ನನ್ನ ಸಿಟ್ಟು

ಈಗ ಸಿಟ್ಟಿನ ಮಾತು. ನನ್ನ ಮಗಳು ಎರಡು ವರ್ಷ ಊರ ಸುತ್ತ ತಿರುಗಿ ಒಣಗಿಸಿದ ಹಾಳಿ ಪರೀಕ್ಷೆಗೆ ಕೊಟ್ಟಿದ್ಲು. ಉತ್ತರಾಣಿ, ತುಂಬಿ, ಕರಿಕಿ, ಜೇಕು, ಹೊಳಿದಂಡಿ ಲಕ್ಕಿ, ಎಲ್ಲಾ ಇತ್ತು. ಆ ಬಳ್ಳಿನೂ ಇತ್ತು. ಮಾರ್ಕ್ಸ್ ಕೊಟ್ಟರು. ಆಮೇಲೆ ಆಕಿ ವಾಪಸ್ ಕೇಳಾಕ ಹೋದಾಗ ಹಳೇ ಫೈಲ್ ಎಲ್ಲಾ ರದ್ದಿಗೆ ಹೋಗಿದ್ವು. ಕಾಲೇಜಿನ ಹೆಸರು ಬರಿಯೋದಿಲ್ಲ, ಯಾಕಂದ್ರ ಇದು ಒಂದು ಕಾಲೇಜಿನ ಮಾತಲ್ಲ, ನಿಮ್ಮ ಮಕ್ಕಳನ್ನೂ ಕೇಳಿ ನೋಡ್ರಿ. ವರ್ಷಾ ವರ್ಷಾ ಎಷ್ಟು ಹುಡುಗರು, ಎಷ್ಟು ಊರಿನ ಬದುವಿನಿಂದ ಗಿಡ ಕಿತ್ತು ಒಣಗಿಸ್ತಾರ! ಅಥಣಿ, ರಾಯಬಾಗ, ಕಾಗವಾಡದ ಬಯಲಿನ ಗಿಡದ ದಾಖಲೆ ಯಾರೂ ಮಾಡಿಲ್ಲ ಅಂತೀವಲ್ಲ, ಮಾಡ್ಯಾರ. ನಮ್ಮ ಮಕ್ಕಳೇ ಮಾಡ್ಯಾರ. ಅದನ್ನ ಕಿಲೋ ಲೆಕ್ಕದಾಗ ಮಾರ್ಯಾರ.

ಇನ್ನೊಂದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ಸಮಿತಿ, ಒಂದು ಜನತಾ ದಾಖಲಾತಿ ಇರಬೇಕು. ಊರಿನ ಗಿಡ, ದನ, ಬೀಜ, ಔಷಧಿ ತಿಳಿದವರ ಮಾತು ಅದರಾಗ ಬರಬೇಕು. ನಾ ನೋಡಿದ ಒಂದು ದಾಖಲಾತಿಯಾಗ ನಮ್ಮ ಎರೆಭೂಮಿಯಾಗ ಬದುಕೋದೇ ಇಲ್ಲದ ಘಟ್ಟದ ಮರದ ಹೆಸರು ಇದ್ವು. ಎಲ್ಲಿಂದಲೋ ನಕಲು ಹೊಡೆದದ್ದು. ಇಂಥಾ ದಾಖಲಾತಿನ ನಾಳೆ ಡಿಜಿಟಲ್ ಮಾಡಿದ್ರ ಸುಳ್ಳಿಗೆ ಬಾರ್‌ಕೋಡ್ ಹಚ್ಚಿದಂಗ ಆಗ್ತದ.

ಒಲ್ಲೆ ಅನ್ನೋರಿಗೆ

ಗೆಳೆಯರು ಎರಡು ಮಾತು ಹೇಳಿದ್ರು. ಮೊದಲನೇದು, "ಬಿಲ್ಲು ಬರಾಕ ತಿಂಗಳು ಕಾಯ್ತೀವಿ, ಇದಕ್ಕ ರೊಕ್ಕ ಯಾಕ?" ನಾನೂ ಬಿಲ್ಲಿಗೆ ಕಾಯೋ ಮನುಷ್ಯನೇ. ಆದ್ರ ಇದು ಬಿಟ್ಟರ ಆ ರೊಕ್ಕ ನಮ್ಮ ಬಿಲ್ಲಿಗೆ ಬರ್ತದ ಅನ್ನೋ ಭ್ರಮೆ ನನಗಿಲ್ಲ. ಎರಡನೇದು ತೂಕದ ಮಾತು. "ಔಷಧಿ ಗಿಡ ಇಂಥಾ ಸರ್ವೆ ನಂಬರಿನಾಗ ಐತಿ ಅಂತ ಜಗತ್ತಿಗೆಲ್ಲಾ ತೋರಿಸಿದ್ರ ಮರುದಿನ ಯಾವನೋ ಬಂದು ಬೇರು ಸಮೇತ ಕಿತ್ತು ಒಯ್ತಾನ." ಇದು ಖರೆ. ಅದಕ್ಕ ಅಪರೂಪದ ಗಿಡಗಳಿದ್ದಲ್ಲಿ ಸರಿಯಾದ ಜಾಗ ತೋರಿಸದೇ ತಾಲೂಕು ಮಟ್ಟಿಗೆ ಮಾತ್ರ ತೋರಿಸೋ ಪದ್ಧತಿ ಐತಿ. ಅದನ್ನ ಕಟ್ಟುನಿಟ್ಟು ಮಾಡಬೇಕು. ಕಾಂಗ್ರೆಸ್ ಕಸಕ್ಕ ಆ ಮರ್ಯಾದಿ ಬೇಕಿಲ್ಲ, ಅದನ್ನ ಯಾರು ಬೇಕಾದ್ರೂ ಒಯ್ಯಲಿ.

ಏನು ಮಾಡಬಹುದು

ನಾ ಕೇಳೋದು ದೊಡ್ಡದೇನಲ್ಲ.

ಕಾಲೇಜಿನವರು ಹುಡುಗರ ಹಾಳಿ ರದ್ದಿಗೆ ಹಾಕೋಕಿಂತ ಮೊದಲ ಒಂದೊಂದು ಫೋಟೋ ತೆಗೀಲಿ, ಚೀಟಿ ಕಾಣೋಹಂಗ. ಚಲೋ ಇದ್ದ ಹಾಳಿನ ವಿಶ್ವವಿದ್ಯಾಲಯದ ಸಂಗ್ರಹಕ್ಕ ಕಳಿಸಲಿ.

ಡಿಜಿಟಲ್ ಮಾಡೋರು ಶಾಸ್ತ್ರದ ಹೆಸರಿನ ಕೆಳಗ ಊರಿನ ಹೆಸರೂ ಹಾಕಲಿ. ಅಥಣಿ ಕಡೆ ಏನಂತಾರ, ನಿಪ್ಪಾಣಿ ಕಡೆ ಏನಂತಾರ, ಕನ್ನಡದಾಗ, ಮರಾಠಿಯಾಗ. ಬರೇ ಲ್ಯಾಟಿನ್ ಇದ್ರ ನಾವು ಹುಡುಕೋದು ಹೆಂಗ? ಬರೇ ಊರಿನ ಹೆಸರಿದ್ರೂ ನಡೆಯೋದಿಲ್ಲ, ಹತ್ತು ಹಳ್ಳಿ ದಾಟಿದ್ರ ಹೆಸರು ಬದಲಿ. ಎರಡೂ ಬೇಕು. ತಪ್ಪು ಕಂಡರ ತಿದ್ದಿಸಾಕ ದಾರಿ ಇಡ್ರಿ, ಎರಡು ವರ್ಷ ಅಡ್ಡಾಡಿಸಬ್ಯಾಡ್ರಿ.

ನಾವು ರೈತರು? ಹೊಸಾ ಕಸ, ಹೊಸಾ ರೋಗ ಕಂಡರ ಎಣ್ಣಿ ಅಂಗಡಿಗೆ ಓಡೋಕಿಂತ ಮೊದಲ ಒಂದು ಗಿಡ ಹೂ ಸಮೇತ ಕಿತ್ತು ಪೇಪರಿನಾಗ ಇಡೋಣ. ಪೇಪರಿನ ಅಂಚಿಗೆ ಊರು, ತಾರೀಖು, ಯಾವ ಬೆಳಿ, ಯಾವ ನೆಲ, ಎಷ್ಟು ದಿನದಿಂದ ಕಾಣ್ತದ ಅಂತ ಬರೆಯೋಣ. ನೋಡೋಕೂ ಮೊದಲ ಮೊಬೈಲ್‌ದಾಗ ಫೋಟೋ ತೆಗೆಯೋಣ, ಒಣಗಿದ ಮ್ಯಾಲೆ ಹೂವಿನ ಬಣ್ಣ ಹೋಗ್ತದ. ಕಾಂಗ್ರೆಸ್ ಕಸ ಬರಿಗೈಲೆ ಮುಟ್ಟಬ್ಯಾಡ್ರಿ, ಕೆರೆತ ಬರ್ತದ. ರೋಗದ ಎಲಿ ಇದ್ರ ಪಾಕೀಟು ಪೂರ್ತಿ ಮುಚ್ಚಿ, ಬ್ಯಾರೆಯವರ ಹೊಲದಾಗ ಬಿಚ್ಚಬ್ಯಾಡ್ರಿ.

ಮೊನ್ನೆ ಸಂಜೀಕ ನಾನು ಆ ಬಳ್ಳಿ ಮತ್ತ ಕಿತ್ತು ತಂದು ಪೇಪರಿನಾಗ ಇಟ್ಟೆ. ಮಗಳು ಧಾರವಾಡಕ್ಕ ಹೋಗೋವಾಗ ಒಯ್ದು ತಿಳಿದವರಿಗೆ ತೋರಿಸ್ತೀನಿ ಅಂದಾಳ. ಕಾಕಾ ಬಂದು ನೋಡಿ, "ಈಗ ನಿನಗೂ ಬ್ಯಾರೆ ಉದ್ಯೋಗ ಇಲ್ಲದಂಗಾತು" ಅಂದ್ರು. ನಾ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾವೇ ಒಂದು ಜ್ವಾಳದ ಚೀಲ ಎತ್ತಿ ಅದರ ಮ್ಯಾಲೆ ಇಟ್ರು. "ಬರಿ ಅದರಾಗ, 2005ರ ಹೊಳಿ ಬಂದಾಗ ಇದು ನಮ್ಮ ಹೊಲದಾಗ ಇರಲಿಲ್ಲ. ನಾ ನೋಡಿದವ ಅದೇನಿ" ಅಂದ್ರು.

ಬರದೇನಿ. ಕಾಕಾನ ಮಾತು, ತಾರೀಖು, ಊರು ಸತ್ತಿ ಅಂತ.

ನಿಮ್ಮ ಹೊಲದಾಗೂ ಗಂಟಿ ಹೂವಿನ ಆ ಬಳ್ಳಿ ಇದ್ರ, ಯಾವ ವರ್ಷದಿಂದ ಐತಿ ಅಂತ ಬರೀರಿ. ಅಂದಾಜಿಲ್ಲದಿದ್ರ ಮನ್ಯಾಗಿನ ಹಿರಿಯರನ್ನ ಕೇಳಿ ಬರೀರಿ, ಅವರು ಇರೋವಾಗಲೇ. ನನ್ನ ಮಾತಿನಾಗ ತಪ್ಪಿದ್ರ ತಿದ್ರಿ, ನಮ್ಮ ಪುಟ ತಿದ್ದಾಕ ಎರಡು ವರ್ಷ ಬೇಕಾಗೋದಿಲ್ಲ.